ಸಂಬಳವಿಲ್ಲದ ಮೇಷ್ಟ್ರು ಕಂಡ ಸೌರವ್ಯೂಹ

ನನ್ನ ಜಿಕೆ ನೋಟ್ಸ್‌ನಲ್ಲಿ ಒಂದು ಸಾಲಿತ್ತು: ನೀಹಾರಿಕಾ ಸಿದ್ಧಾಂತ – ಕಾಂಟ್, 1755, ಲಾಪ್ಲಾಸ್, 1796. ಒಂದು ಅಂಕದ ಪ್ರಶ್ನೆಗೆ ಅಷ್ಟು ಸಾಕು. ಆಯ್ಕೆ ಪಟ್ಟಿಯಲ್ಲಿ ಎರಡನೇ ಸಲವೂ ನನ್ನ ಹೆಸರಿಲ್ಲ ಎಂದು ತಿಳಿದ ದಿನ ಲೈಬ್ರರಿಯಲ್ಲಿ ಸುಮ್ಮನೆ ಕುಳಿತಿದ್ದೆ. ಓದಲು ಮನಸ್ಸಿರಲಿಲ್ಲ. ಈ ಕಾಂಟ್ ಯಾರಪ್ಪಾ ಎಂದು ಹುಡುಕಿದೆ. 1755ರಲ್ಲಿ ಆತನಿಗೂ ಕಾಯಂ ಕೆಲಸ ಇರಲಿಲ್ಲ!

ಇಮ್ಯಾನುಯೆಲ್ ಕಾಂಟ್ ಹುಟ್ಟಿದ್ದು 1724ರಲ್ಲಿ, ಪ್ರಷ್ಯಾದ ಕೋನಿಗ್ಸ್‌ಬರ್ಗ್‌ನಲ್ಲಿ. ಆ ಊರು ಈಗ ರಷ್ಯಾದ ಕಲಿನಿನ್‌ಗ್ರಾಡ್. ಅಪ್ಪ ಕುದುರೆಗಳಿಗೆ ಚರ್ಮದ ಪಟ್ಟಿ ಹೊಲಿದು ಸಂಸಾರ ಸಾಕುತ್ತಿದ್ದ. ಹದಿಮೂರನೇ ವಯಸ್ಸಿಗೆ ಅಮ್ಮ ತೀರಿಕೊಂಡಳು. ಹದಿನಾರಕ್ಕೆ ವಿಶ್ವವಿದ್ಯಾಲಯ ಸೇರಿದ ಕಾಂಟ್, 1746ರಲ್ಲಿ ಅಪ್ಪನನ್ನೂ ಕಳೆದುಕೊಂಡ. ಪದವಿ ಮುಗಿಸದೆ ಊರು ಬಿಟ್ಟು, ಹಲವು ವರ್ಷ ಉಳ್ಳವರ ಮನೆಗಳಲ್ಲೇ ಇದ್ದು ಅವರ ಮಕ್ಕಳಿಗೆ ಪಾಠ ಹೇಳಿದ.

ಆ ದಿನಗಳಲ್ಲೂ ಆತನ ತಲೆಯಲ್ಲಿ ಇದ್ದದ್ದು ಆಕಾಶ. ಗ್ರಹಗಳು ಸೂರ್ಯನನ್ನು ಸುತ್ತುವುದು ಹೇಗೆಂದು ನ್ಯೂಟನ್ ಲೆಕ್ಕ ಹಾಕಿ ತೋರಿಸಿದ್ದ. ಆದರೆ ಅವೆಲ್ಲ ಒಂದೇ ದಿಕ್ಕಿನಲ್ಲಿ, ಹೆಚ್ಚುಕಡಿಮೆ ಒಂದೇ ಸಮತಲದಲ್ಲಿ ಸುತ್ತುವುದೇಕೆ? ಅದು ದೇವರ ಏರ್ಪಾಡು ಎಂದು ನ್ಯೂಟನ್ ಬಿಟ್ಟಿದ್ದ. ಕಾಂಟ್ ಬಿಡಲಿಲ್ಲ. ಮೊದಲು ಎಲ್ಲೆಡೆ ಚೆದುರಿದ ಕಣಗಳಷ್ಟೇ ಇದ್ದವು. ಗುರುತ್ವಾಕರ್ಷಣೆ ಅವನ್ನು ಸೆಳೆಯಿತು. ಬೀಳುತ್ತಾ ಒಂದಕ್ಕೊಂದು ತಾಗಿ, ದಾರಿ ತಪ್ಪಿ, ಸುತ್ತತೊಡಗಿ, ಕೊನೆಗೆ ಚಪ್ಪಟೆ ತಟ್ಟೆಯಂತಾದವು. ನಡುವೆ ಒಟ್ಟುಗೂಡಿದ್ದು ಸೂರ್ಯ. ತಟ್ಟೆಯಲ್ಲಿ ಅಲ್ಲಲ್ಲಿ ಗಂಟುಕಟ್ಟಿದ್ದು ಗ್ರಹಗಳು, ನಮ್ಮ ಭೂಮಿಯೂ ಸೇರಿ. ಜಗತ್ತಿನ ವಯಸ್ಸು ಸುಮಾರು ಆರು ಸಾವಿರ ವರ್ಷ ಎಂದು ಯುರೋಪ್ ನಂಬಿದ್ದ ಕಾಲದಲ್ಲಿ ಆತ ಲಕ್ಷಾಂತರ ವರ್ಷಗಳ ಮಾತಾಡಿದ.

1755ರಲ್ಲಿ ಈ ಪುಸ್ತಕ ಲೇಖಕನ ಹೆಸರಿಲ್ಲದೆ ಅಚ್ಚಾಯಿತು. ಅಷ್ಟರಲ್ಲೇ ಪ್ರಕಾಶಕ ದಿವಾಳಿಯಾದ. ಪ್ರತಿಗಳು ಜಪ್ತಿಯಾಗಿ ಉಗ್ರಾಣದಲ್ಲೇ ಉಳಿದವು. ಓದಿದವರು ಬೆರಳೆಣಿಕೆಯಷ್ಟು ಮಂದಿ.

ಅದೇ ವರ್ಷ ಕಾಂಟ್ ವಿಶ್ವವಿದ್ಯಾಲಯದಲ್ಲಿ ಪಾಠ ಶುರುಮಾಡಿದ. ಆದರೆ ಸಂಬಳವಿಲ್ಲ, ವಿದ್ಯಾರ್ಥಿಗಳು ಕೊಟ್ಟ ಶುಲ್ಕವೇ ಗತಿ. ನಮ್ಮ ಅತಿಥಿ ಉಪನ್ಯಾಸಕರಿಗಿಂತಲೂ ಕಷ್ಟ. 1756ರಲ್ಲಿ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕಿದ, ಸಿಗಲಿಲ್ಲ. 1758ರಲ್ಲಿ ಮತ್ತೆ ಹಾಕಿದ, ಅದು ಬೇರೊಬ್ಬರ ಪಾಲಾಯಿತು. 1764ರಲ್ಲಿ ಕಾವ್ಯ ವಿಭಾಗದ ಹುದ್ದೆ ಬಂದಾಗ ತನ್ನ ವಿಷಯವಲ್ಲವೆಂದು ತಾನೇ ಬೇಡವೆಂದ. ನಾನಾಗಿದ್ದರೆ ಕಣ್ಣುಮುಚ್ಚಿ ಸೇರುತ್ತಿದ್ದೆ! ಮೊದಲ ಸಂಬಳದ ಕೆಲಸ ದಕ್ಕಿದ್ದು 1766ರಲ್ಲಿ: ಸಹಾಯಕ ಗ್ರಂಥಪಾಲಕ, ವರ್ಷಕ್ಕೆ 62 ಥಾಲರ್. ಪ್ರಾಧ್ಯಾಪಕನಾದದ್ದು 1770ರಲ್ಲಿ, 46ನೇ ವಯಸ್ಸಿಗೆ. ಹೆಸರು ತಂದ ತತ್ವಶಾಸ್ತ್ರದ ಮಹಾಗ್ರಂಥ ಹೊರಬಂದಾಗ 57. ಆತ ತೀರಿಕೊಂಡದ್ದು 1804ರಲ್ಲಿ.

ಹೆಚ್ಚುಕಡಿಮೆ ಅದೇ ಸಿದ್ಧಾಂತವನ್ನು ಫ್ರಾನ್ಸ್‌ನ ಲಾಪ್ಲಾಸ್ 1796ರಲ್ಲಿ ಸ್ವತಂತ್ರವಾಗಿ ಮಂಡಿಸಿದ್ದ. ಕಾಂಟ್ ಹೇಳಿದ್ದೆಲ್ಲ ಸರಿಯೇನಲ್ಲ. ಬರೀ ಡಿಕ್ಕಿಗಳಿಂದ ಸುತ್ತಾಟ ಹುಟ್ಟದು. ಮೂಲ ಮೋಡಕ್ಕೇ ಅಲ್ಪಸ್ವಲ್ಪ ತಿರುಗಾಟವಿತ್ತು, ಕುಗ್ಗುತ್ತಾ ವೇಗ ಪಡೆಯಿತು. ಶನಿಯಂಥ ದೂರದ ಗ್ರಹಗಳಲ್ಲಿ ನಮಗಿಂತ ಬುದ್ಧಿವಂತರಿದ್ದಾರೆ ಎಂದೂ ಬರೆದಿದ್ದ! ಆದರೆ ಮೂಲ ಚಿತ್ರ ನಿಂತಿತು. ಸುಮಾರು 456 ಕೋಟಿ ವರ್ಷಗಳ ಹಿಂದೆ ಅನಿಲ, ದೂಳಿನ ಮೋಡ ಕುಸಿದು ತಟ್ಟೆಯಾಗಿ, ದೂಳು ದೂಳಿಗೆ ಅಂಟಿ ಕಲ್ಲಾಗಿ, ಕಲ್ಲುಗಳು ಸೇರಿ ಭೂಮಿಯಾಯಿತು ಎಂದೇ ಇಂದಿನ ವಿಜ್ಞಾನವೂ ಹೇಳುತ್ತದೆ. 2014ರಲ್ಲಿ ಚಿಲಿಯ ಆಲ್ಮಾ ದೂರದರ್ಶಕ ‘ಎಚ್‌ಎಲ್ ಟೌರಿ’ ಎಂಬ ಎಳೆಯ ನಕ್ಷತ್ರದ ಚಿತ್ರ ತೆಗೆಯಿತು. ಸುತ್ತಲೂ ದೂಳಿನ ತಟ್ಟೆ, ಅದರಲ್ಲಿ ಉಂಗುರಗಳು. ಮೊಬೈಲ್‌ನಲ್ಲಿ ಆ ಚಿತ್ರವನ್ನು ಬಹಳ ಹೊತ್ತು ನೋಡಿದೆ.

ಕಾದರೆ ಎಲ್ಲರಿಗೂ ಕೆಲಸ ಸಿಗುತ್ತದೆ ಎಂದು ಈ ಕಥೆ ಹೇಳುವುದಿಲ್ಲ, ನಾನೂ ಹೇಳಲಾರೆ. ಮನೆಯಲ್ಲಿ ಕೇಳುವ ಪ್ರಶ್ನೆಗೆ ಕಾಂಟ್ ಉತ್ತರವಲ್ಲ. ಆದರೆ ಹುದ್ದೆ ಸಿಗುವವರೆಗೆ ಯೋಚಿಸುವುದನ್ನು ಆತ ಮುಂದೂಡಲಿಲ್ಲ. ಮೂರನೇ ಸಲ ಅರ್ಜಿ ಹಾಕಿದ್ದೇನೆ. ನೋಟ್ಸ್‌ನ ಆ ಒಂದು ಸಾಲು ಈಗ ನಾಲ್ಕು ಪುಟವಾಗಿದೆ, ಪರೀಕ್ಷೆಗೆ ಬೇಕಿಲ್ಲದಿದ್ದರೂ.