ಹೆಸರಿಲ್ಲದ ಸಮಾಧಿಯ ಗೋಲ್‌ಕೀಪರ್

ವೀಕೆಂಡ್ ಬಂದರೆ ಹಾಸ್ಟೆಲ್ ಟಿವಿ ಮುಂದೆ ನಾವೆಲ್ಲ ಸಲಾಹ್ ದೊಡ್ಡವನಾ, ದ್ರೋಗ್ಬಾ ದೊಡ್ಡವನಾ ಅಂತ ಜಗಳ ಆಡ್ತೀವಿ. ಆದರೆ ಆಫ್ರಿಕಾದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಹೆಸರು ಮಾಡಿದವರ ಈ ಸಾಲಿನ ತುದಿಯಲ್ಲಿ ಯಾರಿದ್ದಾರೆ ಗೊತ್ತಾ? ಆರ್ಥರ್ ವಾರ್ಟನ್. ಕಪ್ಪು ವರ್ಣೀಯರಲ್ಲಿ ಮೊದಲ ವೃತ್ತಿಪರ ಫುಟ್‌ಬಾಲ್ ಆಟಗಾರ ಎಂದು ಗುರುತಿಸಲಾಗುವ ವ್ಯಕ್ತಿ.

ಆರ್ಥರ್ ಹುಟ್ಟಿದ್ದು 1865ರ ಅಕ್ಟೋಬರ್ 28ರಂದು, ಈಗಿನ ಘಾನಾದ ರಾಜಧಾನಿ ಅಕ್ರಾದಲ್ಲಿ. ಆಗ ಆ ಪ್ರದೇಶದ ಹೆಸರು ಗೋಲ್ಡ್ ಕೋಸ್ಟ್. ತಂದೆ ಹೆನ್ರಿ, ಕೆರಿಬಿಯನ್ ದ್ವೀಪ ಗ್ರೆನಡಾದಿಂದ ಬಂದ ಮೆಥಡಿಸ್ಟ್ ಪಾದ್ರಿ. ತಾಯಿ ಫಾಂಟೆ ರಾಜಮನೆತನದ ಸಂಬಂಧಿ. 1880ರ ದಶಕದ ಆರಂಭದಲ್ಲಿ ಧರ್ಮಪ್ರಚಾರಕನ ತರಬೇತಿಗೆಂದು ಹುಡುಗ ಇಂಗ್ಲೆಂಡಿಗೆ ಬಂದರು, ಡಾರ್ಲಿಂಗ್ಟನ್ ಊರಿನಲ್ಲಿ ಓದಿಗೆ ಸೇರಿದರು. ಆದರೆ ಕ್ಲಾಸ್ ರೂಮಿಗಿಂತ ಮೈದಾನವೇ ಹೆಚ್ಚು ಎಳೆಯಿತು. ಇದು ನಮಗೇನೂ ಹೊಸ ಕಥೆ ಅಲ್ಲ ಬಿಡಿ!

ಮೊದಲು ಹೆಸರು ತಂದದ್ದು ಓಟ. 1886ರ ಜುಲೈನಲ್ಲಿ ಲಂಡನ್ನಿನ ಸ್ಟ್ಯಾಮ್‌ಫರ್ಡ್ ಬ್ರಿಡ್ಜ್‌ನಲ್ಲಿ ನಡೆದ ರಾಷ್ಟ್ರೀಯ ಕೂಟದಲ್ಲಿ ಅವರು 100 ಗಜವನ್ನು, ಅಂದರೆ 91.44 ಮೀಟರನ್ನು, 10 ಸೆಕೆಂಡಿನಲ್ಲಿ ಓಡಿದರು. ಸ್ಟಾರ್ಟಿಂಗ್ ಬ್ಲಾಕ್ ಇನ್ನೂ ಹುಟ್ಟಿರಲಿಲ್ಲ. ಚೆಲ್ಸಿ ಕ್ಲಬ್ ಕೂಡ ಹುಟ್ಟಿರಲಿಲ್ಲ! ಮರುವರ್ಷವೂ ಪ್ರಶಸ್ತಿ ಅವರದ್ದೇ.

ಇಷ್ಟು ಜೋರಾಗಿ ಓಡುವವರು ಫುಟ್‌ಬಾಲಿನಲ್ಲಿ ಆರಿಸಿಕೊಂಡದ್ದು ಮಾತ್ರ ಗೋಲ್‌ಕೀಪರ್ ಜಾಗ. ಆಗ ಗೋಲ್‌ಕೀಪರ್ ಆಗುವುದು ಸುಲಭದ ಕೆಲಸವಲ್ಲ, ಎದುರಾಳಿಗಳು ಭುಜದಿಂದ ಗುದ್ದಿ ಬೀಳಿಸಬಹುದಿತ್ತು. ಆರ್ಥರ್ ಕ್ರಾಸ್‌ಬಾರ್‌ಗೆ ಜೋತುಬಿದ್ದು ಕಾಲುಗಳ ನಡುವೆ ಚೆಂಡು ಹಿಡಿಯುತ್ತಿದ್ದರು ಅಂತ ನೋಡಿದವರು ನೆನಪಿಸಿಕೊಂಡದ್ದುಂಟು. ಆಗಿನ ಬಲಿಷ್ಠ ತಂಡ ಪ್ರೆಸ್ಟನ್ ನಾರ್ತ್ ಎಂಡ್ ಅವರನ್ನು ಕರೆಸಿಕೊಂಡಿತು. 1887ರಲ್ಲಿ ಆ ತಂಡ ಎಫ್‌ಎ ಕಪ್ ಸೆಮಿಫೈನಲ್‌ವರೆಗೂ ಹೋಯಿತು.

ಇಲ್ಲೇ ತಿರುವು. ಓಟದ ಕಡೆ ಗಮನ ಕೊಡಲು ಆರ್ಥರ್ 1888ರಲ್ಲಿ ಪ್ರೆಸ್ಟನ್ ಬಿಟ್ಟರು. ಅದೇ ವರ್ಷ ಫುಟ್‌ಬಾಲ್ ಲೀಗ್ ಶುರುವಾಯಿತು. ಮೊದಲ ಸೀಸನ್‌ನ 22 ಪಂದ್ಯಗಳಲ್ಲಿ ಪ್ರೆಸ್ಟನ್ ಒಂದನ್ನೂ ಸೋಲದೆ ಲೀಗ್ ಗೆದ್ದಿತು, ಕಪ್ಪನ್ನೂ ಗೆದ್ದಿತು. ಚರಿತ್ರೆಯಲ್ಲಿ ಉಳಿದ ಆ ತಂಡದ ಫೋಟೋದಲ್ಲಿ ಆರ್ಥರ್ ಇಲ್ಲ.

1889ರಲ್ಲಿ ರಾದರ್‌ಹ್ಯಾಮ್ ಟೌನ್ ಸೇರಿ ಮತ್ತೆ ಗೋಲಿನ ಮುಂದೆ ನಿಂತರು. 1894ರಲ್ಲಿ ಶೆಫೀಲ್ಡ್ ಯುನೈಟೆಡ್ ಕರೆಯಿತು, ಆದರೆ ಅಲ್ಲಿ ಭಾರೀ ಮೈಕಟ್ಟಿನ ವಿಲಿಯಂ ಫೌಲ್ಕ್ ಆಗಲೇ ಜಾಗ ಹಿಡಿದಿದ್ದರು. ಆರ್ಥರ್‌ಗೆ ಸಿಕ್ಕಿದ್ದು ಬೆರಳೆಣಿಕೆಯ ಪಂದ್ಯ. ಆಮೇಲೆ ಸಣ್ಣ ಕ್ಲಬ್‌ಗಳು, ಕೊನೆಗೆ ಸ್ಟಾಕ್‌ಪೋರ್ಟ್ ಕೌಂಟಿ. 1902ಕ್ಕೆ ಆಟ ಮುಗಿಯಿತು.

ಮುಂದೇನು? ಆಗಿನ ಆಟಗಾರನಿಗೆ ಈಗಿನಂತೆ ಕಾಮೆಂಟರಿ ಬಾಕ್ಸ್ ಇಲ್ಲ, ಜಾಹೀರಾತಿಲ್ಲ. ದೇಶದಲ್ಲೇ ಅತಿ ವೇಗವಾಗಿ ಓಡಿದ ಮನುಷ್ಯ ಯಾರ್ಕ್‌ಶೈರಿನ ಕಲ್ಲಿದ್ದಲು ಗಣಿಗೆ ಕೆಲಸಕ್ಕೆ ಹೋದರು. 1930ರ ಡಿಸೆಂಬರ್‌ನಲ್ಲಿ, 65ನೇ ವಯಸ್ಸಿನಲ್ಲಿ, ಬಡತನದಲ್ಲೇ ತೀರಿಕೊಂಡರು. ಎಡ್ಲಿಂಗ್ಟನ್‌ನಲ್ಲಿ ಮಣ್ಣು ಮಾಡಿದರು. ಸಮಾಧಿಗೆ ಒಂದು ಕಲ್ಲೂ ಇರಲಿಲ್ಲ.

ಶೆಫೀಲ್ಡಿನಲ್ಲಿ ಫುಟ್‌ಬಾಲ್ ಮೂಲಕ ವರ್ಣಭೇದದ ವಿರುದ್ಧ ಕೆಲಸ ಮಾಡುವ ಜನ ಮುಂದೆ ಬಂದು, 1997ರಲ್ಲಿ ಅಲ್ಲಿ ಹೆಸರು ಕೆತ್ತಿದ ಕಲ್ಲು ನಿಲ್ಲಿಸಿದರು. 2014ರಲ್ಲಿ ಇಂಗ್ಲೆಂಡ್ ತಂಡ ಅಭ್ಯಾಸ ಮಾಡುವ ಸೇಂಟ್ ಜಾರ್ಜ್ಸ್ ಪಾರ್ಕ್‌ನಲ್ಲಿ ಅವರ ಪ್ರತಿಮೆಯೂ ಎದ್ದಿತು.

10 ಸೆಕೆಂಡಿನ ಓಟವನ್ನು ಅವತ್ತೇ ಬರೆದಿಟ್ಟುಕೊಂಡರು. ಓಡಿದವರ ಹೆಸರನ್ನು ಕಲ್ಲಿನ ಮೇಲೆ ಬರೆಯಲು 66 ವರ್ಷ ಬೇಕಾಯ್ತು. ಅದೂ ಆಗಿದ್ದು, ಅವರನ್ನು ಕಂಡೇ ಇರದ ಕೆಲವರು ಹಠ ಹಿಡಿದು ಹುಡುಕಿದ್ದರಿಂದ. ಮುಂದಿನ ಸಲ ಟಿವಿ ಮುಂದೆ ಜಗಳ ಆಡುವಾಗ ಈ ಹೆಸರನ್ನೂ ಪಟ್ಟಿಗೆ ಸೇರಿಸೋಣ.