ಮೀರ್ ಫತ್ಹುಲ್ಲಾ ಶೀರಾಝಿ: ಹಲ್ಲುಚಕ್ರಗಳನ್ನು ಬಲ್ಲ ಉಸ್ತಾದ್

ಸೈಕಲ್ ತುಳಿಯುವ ವಿದ್ಯಾರ್ಥಿಗಳು ಒಮ್ಮೆ ಅದರ ಹಲ್ಲುಚಕ್ರಗಳನ್ನು ಎಣಿಸಿ ನೋಡಬೇಕು. ಪೆಡಲ್ ಬಳಿಯ ಚಕ್ರಕ್ಕೆ 48 ಹಲ್ಲು, ಹಿಂದಿನ ಚಕ್ರಕ್ಕೆ 16 ಹಲ್ಲು ಇದ್ದರೆ, ಪೆಡಲ್ ಒಂದು ಸುತ್ತು ಬರುವಷ್ಟರಲ್ಲಿ ಹಿಂದಿನ ಗಾಲಿ ಮೂರು ಸುತ್ತು ತಿರುಗಿರುತ್ತದೆ. ವೇಗ ಮೂರು ಪಟ್ಟಾಗುತ್ತದೆ, ತಿರುಗಿಸುವ ಬಲ ಮಾತ್ರ ಮೂರರಲ್ಲಿ ಒಂದು ಪಾಲಾಗುತ್ತದೆ. ಬಸ್ಸು ದಿಣ್ಣೆ ಹತ್ತುವಾಗ ಚಾಲಕರು ಮೊದಲನೆಯ ಗೇರಿಗೆ ಬರುತ್ತಾರಲ್ಲ, ಅಲ್ಲಿ ಲೆಕ್ಕ ತಿರುಗುಮುರುಗು. ಚಿಕ್ಕ ಚಕ್ರ ದೊಡ್ಡದನ್ನು ತಿರುಗಿಸುತ್ತದೆ. ವೇಗ ತಗ್ಗಿ ಬಲ ಹೆಚ್ಚುತ್ತದೆ. ಇಂಜಿನ್ ಇಲ್ಲದ ಕಾಲದಲ್ಲೇ ಈ ಲೆಕ್ಕವನ್ನು ಎತ್ತು, ಗಾಡಿಗಳಿಗೆ ಹೊಂದಿಸಿದ ವಿದ್ವಾಂಸರೊಬ್ಬರು ನಮ್ಮ ಕರ್ನಾಟಕದಲ್ಲಿ ಕೆಲವು ವರ್ಷ ಬಾಳಿದ್ದರು. ಅವರೇ ಮೀರ್ ಫತ್ಹುಲ್ಲಾ ಶೀರಾಝಿ.

ಇರಾನಿನ ಶೀರಾಝ್ ಅವರ ಊರು. ಮೀರ್ ಘಿಯಾಸುದ್ದೀನ್ ಮನ್ಸೂರ್ ಮುಂತಾದ ಉಸ್ತಾದರಲ್ಲಿ ಓದಿ ಗಣಿತ, ಖಗೋಳ, ವೈದ್ಯ, ಯಂತ್ರವಿದ್ಯೆಗಳಲ್ಲಿ ಪಾರಂಗತರಾದರು. ವಿದ್ಯಾಪ್ರೇಮಿಯಾಗಿದ್ದ ಬಿಜಾಪುರದ ಸುಲ್ತಾನ ಒಂದನೆಯ ಅಲಿ ಆದಿಲ್ ಷಾ ಅವರನ್ನು ಕರೆಸಿಕೊಂಡರು. 1580ರಲ್ಲಿ ಸುಲ್ತಾನರ ಹತ್ಯೆಯಾಯಿತು. ಮುಂದೆ ಅಕ್ಬರ್ ಬಾದಷಹರ ಕರೆಯ ಮೇರೆಗೆ ಫತ್ಹುಲ್ಲಾ ಉತ್ತರಕ್ಕೆ ಹೊರಟು, 1583ರಲ್ಲಿ ಫತೇಪುರ್ ಸಿಕ್ರಿ ತಲುಪಿದರು. ಮರುವರ್ಷವೇ ಇಲಾಹಿ ಪಂಚಾಂಗ ರಚಿಸಿದರು. ರಾಜಾ ತೋದರಮಲ್ಲರ ಜೊತೆ ಕಂದಾಯದ ಲೆಕ್ಕಪತ್ರಗಳನ್ನೂ ಸರಿಪಡಿಸಿದರು.

ಅವರ ಯಂತ್ರಗಳಲ್ಲಿ ಹೆಸರಾದದ್ದು ಹಿಟ್ಟು ಬೀಸುವ ಗಾಡಿ. ಗಾಡಿ ದಾರಿಯಲ್ಲಿ ಸಾಗುತ್ತಿದ್ದಂತೆ ಅದರೊಳಗೆ ಹಿಟ್ಟು ತಯಾರು! ಇದು ಹೇಳಿದಷ್ಟು ಸುಲಭವಲ್ಲ. ಗಾಡಿಯ ಚಕ್ರ ನೆಟ್ಟಗೆ ನಿಂತು ಉರುಳುತ್ತದೆ, ಬೀಸುವ ಕಲ್ಲು ಮಲಗಿ ತಿರುಗುತ್ತದೆ. ನಿಂತ ಚಕ್ರದ ಚಲನೆಯನ್ನು ಮಲಗಿದ ಕಲ್ಲಿಗೆ ಒಪ್ಪಿಸಬೇಕಾದರೆ ಅಡ್ಡಡ್ಡವಾಗಿ ಕೂಡುವ ಹಲ್ಲುಚಕ್ರಗಳು ಬೇಕು. ಇಂದಿನ ಲಾರಿಯಲ್ಲೂ ಉದ್ದಕ್ಕೆ ಇರುವ ಶಾಫ್ಟಿನ ಚಲನೆ ಹಿಂದಿನ ಗಾಲಿಗಳಿಗೆ ತಿರುಗುವುದು ಇಂಥದೇ ಉಪಾಯದಿಂದ. ಇನ್ನೊಂದು ಯಂತ್ರದಲ್ಲಿ ಎತ್ತೊಂದು ಚಕ್ರ ತಿರುಗಿಸಿದರೆ ಹದಿನಾರು ಕೋವಿಗಳ ನಳಿಕೆಗಳು ಏಕಕಾಲಕ್ಕೆ ಶುಚಿಯಾಗುತ್ತಿದ್ದವು.

ಇಲ್ಲಿ ಒಂದು ಮಾತು ಹೇಳಲೇಬೇಕು. ಆಯಿನೆ ಅಕ್ಬರಿಯಲ್ಲಿ ಅಬುಲ್ ಫಝಲ್ ಈ ಎರಡನ್ನೂ ಬಾದಷಹರ ಹೆಸರಿಗೇ ಬರೆದಿದ್ದಾರೆ. ಆಸ್ಥಾನದ ಗ್ರಂಥ, ಅದರ ಪದ್ಧತಿಯೇ ಹಾಗೆ. ಆದರೆ ಅದೇ ಕಾಲದ ಇತಿಹಾಸಕಾರ ನಿಝಾಮುದ್ದೀನ್ ಅಹ್ಮದ್ ಅವರು ಹಿಟ್ಟಿನ ಗಾಡಿಯನ್ನು ಫತ್ಹುಲ್ಲಾ ಅವರ ಹೆಸರಿನಲ್ಲಿ ದಾಖಲಿಸಿದ್ದಾರೆ. ಕೋವಿಯ ಯಂತ್ರವೂ ಅವರದೇ ಎಂಬುದು ಈಚಿನ ವಿದ್ವಾಂಸರ ಅಭಿಪ್ರಾಯ. ದುಡಿದವರ ಹೆಸರು ಹೀಗೆ ಮರೆಯಾಗಿದ್ದರಿಂದಲೇ ಇರಬೇಕು, ನಮ್ಮ ಮಕ್ಕಳಿಗೆ ಬೀರಬಲ್ ಗೊತ್ತು, ಫತ್ಹುಲ್ಲಾ ಗೊತ್ತಿಲ್ಲ.

ನನಗೆ ಅವರ ಯಂತ್ರಗಳಿಗಿಂತ ಮೆಚ್ಚುಗೆಯಾದದ್ದು ಅವರ ಪಾಠ. ಇಷ್ಟು ದೊಡ್ಡ ಆಲಿಮರು ಅಮೀರರ ಮನೆಗಳಿಗೆ ತಾವೇ ಹೋಗಿ ಏಳೆಂಟು ವರ್ಷದ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದರು. ಸಮಕಾಲೀನರಾದ ಬದಾಯೂನಿ ಇದನ್ನು ಹಗುರವಾಗಿ ಕಂಡು ಬರೆದಿದ್ದಾರೆ. ಪ್ರಾಥಮಿಕ ಶಾಲೆಯ ಕೆಲಸವೆಂದರೆ ಇಂದಿಗೂ ಮೂಗು ಮುರಿಯುವವರಿದ್ದಾರೆ, ಅವರಿಗೂ ಬದಾಯೂನಿಯವರಿಗೂ ವ್ಯತ್ಯಾಸ ಕಾಣೆ. ಇರಾನಿನ ವಿದ್ವಾಂಸರ ಗ್ರಂಥಗಳನ್ನು ತಂದು ಇಲ್ಲಿನ ಮದ್ರಸಗಳ ಪಾಠಕ್ಕೆ ಸೇರಿಸಿದವರೂ ಅವರೇ. ತರ್ಕ, ತತ್ವಶಾಸ್ತ್ರಗಳಿಗೆ ಅಲ್ಲಿಂದ ಮುಂದೆ ಹೆಚ್ಚಿನ ಸ್ಥಾನ ದೊರೆಯಿತು.

1589ರಲ್ಲಿ ಬಾದಷಹರ ಜೊತೆ ಕಾಶ್ಮೀರಕ್ಕೆ ಹೋದಾಗ ಅವರಿಗೆ ಜ್ವರ ಬಂತು. ಸ್ವತಃ ವೈದ್ಯರಾದ ಅವರು ಹಕೀಮ್ ಅಲಿಯವರು ಬೇಡವೆಂದರೂ ಕೇಳದೆ ಹರೀಸ ತಿಂದರಂತೆ. ಜ್ವರ ಇಳಿಯಲಿಲ್ಲ. ಶ್ರೀನಗರದ ತಖ್ತೆ ಸುಲೈಮಾನ್ ಬೆಟ್ಟದಲ್ಲಿ ಅವರನ್ನು ದಫನ್ ಮಾಡಲಾಯಿತು.