ರೆಪ್ಪೆ ಮಿಟುಕದ ನೋಟ: ಅಲ್ಲಮಪ್ರಭುದೇವರ ಜೀವನ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಇಂದು ಒಂದು ಸಣ್ಣ ಊರು. ಹನ್ನೆರಡನೆಯ ಶತಮಾನದಲ್ಲಿ ಅದು ಬನವಾಸಿ ನಾಡಿನ ರಾಜಧಾನಿಯಾಗಿ, ಮಠಗಳಿಂದಲೂ ದೇಗುಲಗಳಿಂದಲೂ ಕಲಾವಿದರಿಂದಲೂ ತುಂಬಿ ತುಳುಕುತ್ತಿದ್ದ ಪಟ್ಟಣ. ಕೋಡಿಯಮಠದ ವಿದ್ಯಾಕೀರ್ತಿ ದೂರದವರೆಗೂ ಹಬ್ಬಿತ್ತು. ಅಲ್ಲಮಪ್ರಭುದೇವರು ಅವತರಿಸಿದುದು ಈ ಪಟ್ಟಣದಲ್ಲಿ.

ಪ್ರಭುದೇವರ ಪೂರ್ವಾಶ್ರಮವನ್ನು ಕುರಿತು ನಮ್ಮ ಕವಿಗಳಲ್ಲಿ ಒಮ್ಮತವಿಲ್ಲ. ಹದಿನೈದನೆಯ ಶತಮಾನದಲ್ಲಿ ಪ್ರೌಢದೇವರಾಯನ ಕಾಲದಲ್ಲಿದ್ದ ಚಾಮರಸನು ತನ್ನ ‘ಪ್ರಭುಲಿಂಗಲೀಲೆ’ಯ 25 ಗತಿಗಳಲ್ಲಿ ಅಲ್ಲಮನನ್ನು ನಿರಹಂಕಾರ ಮತ್ತು ಸುಜ್ಞಾನಿಯರ ಮಗನನ್ನಾಗಿ, ಮಾಯೆಯ ಮೋಹಕ್ಕೆ ಎಂದೂ ಸಿಲುಕದ ನಿತ್ಯಮುಕ್ತನನ್ನಾಗಿ ಚಿತ್ರಿಸಿದ್ದಾನೆ. ಅವನಿಗಿಂತ ಬಹಳ ಹಿಂದಿನವನಾದ ಹಂಪೆಯ ಹರಿಹರನು ತನ್ನ ರಗಳೆಯಲ್ಲಿ ಹೇಳುವ ಕಥೆಯೇ ಬೇರೆ. ಅಲ್ಲಿನ ಅಲ್ಲಮನು ಮದ್ದಳೆ ನುಡಿಸುವ ಕಲಾವಿದ. ಕಮಲತೆಯೆಂಬವಳನ್ನು ಪ್ರೀತಿಸಿ ಮದುವೆಯಾದವನು. ಜ್ವರಕ್ಕೆ ಸಿಕ್ಕಿ ಅವಳು ತೀರಿಕೊಂಡಾಗ ದುಃಖದಿಂದ ದಿಕ್ಕುಗೆಟ್ಟು ಅಲೆದವನು. ಚಾಮರಸನ ಕಾವ್ಯದ ಎತ್ತರ ದೊಡ್ಡದು, ಅದರಲ್ಲಿ ಸಂದೇಹವಿಲ್ಲ. ಆದರೆ ಸಾಧನೆಯ ದಾರಿಯಲ್ಲಿ ಎಡವುತ್ತ ನಡೆಯುವ ನಮ್ಮಂಥವರಿಗೆ ಹರಿಹರನ ಅಲ್ಲಮನೇ ಹೆಚ್ಚು ಹತ್ತಿರದವನೆಂದು ನನಗೆ ತೋರುತ್ತದೆ. ಬೀಳದವನ ಕಥೆ ಪೂಜ್ಯವಾದುದು; ಬಿದ್ದಲ್ಲಿಂದ ಎದ್ದವನ ಕಥೆ ನಮಗೆ ಬೇಕಾದುದು.

ಹರಿಹರನು ಹೇಳುವಂತೆ, ಶೋಕದಲ್ಲಿ ಮೈಮರೆತ ಅಲ್ಲಮನು ಒಂದು ತೋಟದಲ್ಲಿ ಕುಳಿತು ಕಾಲುಗುರಿನಿಂದ ನೆಲವನ್ನು ಕೆರೆಯುತ್ತಿದ್ದನು. ಹಾಗೆ ಕೆರೆದಲ್ಲಿ ಮಣ್ಣಿನಡಿಯಿಂದ ಹೊನ್ನಿನ ಕಳಸವೊಂದು ಕಾಣಿಸಿತು. ಅಗೆದಂತೆಲ್ಲ ಹುದುಗಿಹೋಗಿದ್ದ ಒಂದು ದೇಗುಲವೇ ಹೊರಬಿದ್ದಿತು. ಬಾಗಿಲು ತೆರೆದು ಒಳಹೊಕ್ಕಾಗ ಅಲ್ಲಿ ಅನಿಮಿಷಯ್ಯನೆಂಬ ಯೋಗಿ ಅಂಗೈಯ ಲಿಂಗದಲ್ಲಿ ಕಣ್ಣು ನೆಟ್ಟು ಕುಳಿತಿದ್ದನು. ಅನಿಮಿಷನೆಂದರೆ ರೆಪ್ಪೆ ಮಿಟುಕದವನು. ಅವನು ಶಾಸ್ತ್ರವನ್ನು ಹೇಳಲಿಲ್ಲ, ತತ್ತ್ವವನ್ನು ವಿವರಿಸಲಿಲ್ಲ. ತನ್ನ ಕೈಯ ಲಿಂಗವು ಅಲ್ಲಮನ ಕೈಗೆ ಬಂದೊಡನೆ ಅವನ ಪ್ರಾಣವು ಬಯಲಾಯಿತು. ಗುರುವಿನಿಂದ ಶಿಷ್ಯನಿಗೆ ದೊರೆತುದು ಒಂದು ನೋಟ ಮಾತ್ರ. ಗುಹೇಶ್ವರನೆಂಬ ಅಂಕಿತವನ್ನು ಓದುವಾಗಲೆಲ್ಲ ನೆಲದೊಳಗಿನ ಆ ಗರ್ಭಗುಡಿ ನನ್ನ ನೆನಪಿಗೆ ಬರುತ್ತದೆ.

ಇಷ್ಟಲಿಂಗವನ್ನು ಎಡ ಅಂಗೈಯಲ್ಲಿರಿಸಿ ದೃಷ್ಟಿಯನ್ನು ಅದರಲ್ಲಿ ನಿಲ್ಲಿಸುವ ನಮ್ಮ ನಿತ್ಯದ ಅನುಸಂಧಾನದ ತಿರುಳು ಇದೇ ಆಗಿದೆ. ಕಣ್ಣು ನಿಂತರೆ ಉಸಿರು ನಿಧಾನವಾಗುತ್ತದೆ, ಉಸಿರು ನಿಧಾನವಾದರೆ ಮನಸ್ಸಿನ ಓಟ ತಗ್ಗುತ್ತದೆ. ಆಗ ಇದ್ದುದು ಇದ್ದಂತೆ ಕಾಣತೊಡಗುತ್ತದೆ. ವಿಭೂತಿ, ಪತ್ರೆ, ಮಂತ್ರಗಳೆಲ್ಲ ಮುಗಿದು, ನೋಡಬೇಕಾದ ಗಳಿಗೆ ಬಂದಾಗ ನಾವು ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಏಳುವುದೇ ಹೆಚ್ಚು.

ಆ ನೋಟವನ್ನು ಪಡೆದ ಪ್ರಭುದೇವರು ಗುಹೆಯಲ್ಲಿಯೇ ಉಳಿಯಲಿಲ್ಲ. ಚರಜಂಗಮರಾಗಿ ನಾಡನ್ನು ಸುತ್ತಿದರು. ಈ ಸಂಚಾರದ ಕಥನವನ್ನು ‘ಶೂನ್ಯಸಂಪಾದನೆ’ ಸಂವಾದಗಳ ರೂಪದಲ್ಲಿ ನಿರೂಪಿಸುತ್ತದೆ. ಅವುಗಳಲ್ಲಿ ಮುಕ್ತಾಯಕ್ಕನ ಸಂವಾದಕ್ಕೆ ಸಮನಾದುದು ಇನ್ನೊಂದಿಲ್ಲವೆಂದು ನನ್ನ ಭಾವನೆ. ಅವಳ ಅಣ್ಣ ಅಜಗಣ್ಣನು ತನ್ನ ಭಕ್ತಿಯನ್ನು ಲೋಕಕ್ಕೆ ತೋರಗೊಡದ ಗುಪ್ತಭಕ್ತ. ಲಿಂಗವನ್ನು ಬಾಯಲ್ಲಿಯೇ ಧರಿಸಿದ್ದನೆಂದು ಐತಿಹ್ಯವಿದೆ. ಅವನು ಅವಳಿಗೆ ಅಣ್ಣನೂ ಹೌದು, ಗುರುವೂ ಹೌದು. ಅವನು ಲಿಂಗೈಕ್ಯನಾದಾಗ ಅವಳು ಶೋಕದಲ್ಲಿ ಮುಳುಗಿ ಕುಳಿತಿದ್ದಳು. ದಾರಿಯಲ್ಲಿ ಬಂದ ಪ್ರಭುದೇವರು ಅವಳ ಅಳಲಿನ ಕಾರಣವನ್ನು ವಿಚಾರಿಸಿದರು. ಅರಿವುಳ್ಳವನಿಗೆ ಅಳಿವಿಲ್ಲವೆಂದ ಮೇಲೆ ಶೋಕವೇತಕ್ಕೆಂದು ತಿಳಿಹೇಳಿದರು.

ಮುಕ್ತಾಯಕ್ಕನು ಸುಮ್ಮನೆ ತಲೆಬಾಗಲಿಲ್ಲ. ಅರಿತವರು ನುಡಿಯುವುದಿಲ್ಲ, ತನ್ನ ಅಣ್ಣನು ನುಡಿಯದೆಯೇ ಬೆಳಗಿದನು, ಇಷ್ಟು ಮಾತನಾಡುವ ನೀವು ಮಾತಿನ ಹಂಗನ್ನು ಕಳೆದುಕೊಂಡಿಲ್ಲವೆಂಬ ತೀಕ್ಷ್ಣವಾದ ಆಕ್ಷೇಪವನ್ನು ಅವಳು ಮುಂದಿಟ್ಟಳು. ಪ್ರಭುದೇವರ ಬಾಳಿಗೇ ಹಾಕಿದ ಪ್ರಶ್ನೆ ಅದು. ಸತ್ಯವು ಮೌನದಲ್ಲಿದ್ದರೆ ಸಾವಿರಕ್ಕೂ ಮಿಕ್ಕಿದ ವಚನಗಳೇಕೆ? ಪ್ರಭುದೇವರು ಅವಳ ಮಾತನ್ನು ಹಗುರವಾಗಿ ಕಾಣಲಿಲ್ಲ. ನಾನು ಬಲ್ಲೆನೆಂಬ ಭಾವವು ಅಳಿದ ಮೇಲೆ ನುಡಿಯೂ ಮೌನವನ್ನು ಕೆಡಿಸದು. ಆ ಭಾವವು ಉಳಿದಿದ್ದರೆ ಬಾಯಿ ಮುಚ್ಚಿದರೂ ಒಳಗೆ ಗದ್ದಲವೇ. ಆ ದೀರ್ಘ ಸಂವಾದದಿಂದ ನಾನು ಗ್ರಹಿಸಿದುದು ಇಷ್ಟು. ಮುಕ್ತಾಯಕ್ಕನ ಶೋಕ ಕರಗಿದುದು ಈ ತಿಳಿವಿನಿಂದಲೇ. ಮಡದಿಯನ್ನು ಕಳೆದುಕೊಂಡು ಅಲೆದವನೇ ಅಣ್ಣನನ್ನು ಕಳೆದುಕೊಂಡವಳ ಮುಂದೆ ನಿಂತಿದ್ದನೆಂಬುದನ್ನು ಹರಿಹರನ ಕಥೆ ಬಲ್ಲವರು ಮರೆಯಲಾರರು.

ಮುಂದೆ ಸೊನ್ನಲಿಗೆಯಲ್ಲಿ, ಎಂದರೆ ಇಂದಿನ ಸೊಲ್ಲಾಪುರದಲ್ಲಿ, ಕೆರೆಗಳನ್ನೂ ದೇಗುಲಗಳನ್ನೂ ಕಟ್ಟಿಸುತ್ತಿದ್ದ ಸಿದ್ಧರಾಮರನ್ನು ಪ್ರಭುದೇವರು ಕೆಣಕಿದರು. ಕೆಲಸಗಾರರು ಸಿಟ್ಟಿಗೆದ್ದು ಕಲ್ಲೆಸೆದರು. ಕೆರೆ ಕಟ್ಟುವುದು ತಪ್ಪೆಂದು ಪ್ರಭುದೇವರು ಹೇಳಿದರೆಂದು ಯಾರೂ ಭಾವಿಸಬಾರದು. ಕಟ್ಟಿಸಿದವನು ನಾನೆಂಬ ಭಾವವನ್ನು ಅವರು ತೋರಿಸಿಕೊಟ್ಟರು. ಸಿದ್ಧರಾಮರು ಅದನ್ನು ಕಂಡುಕೊಂಡು, ಕಲ್ಯಾಣಕ್ಕೆ ಬಂದು ಚನ್ನಬಸವಣ್ಣನವರಿಂದ ಇಷ್ಟಲಿಂಗ ದೀಕ್ಷೆ ಪಡೆದರು.

ಕಲ್ಯಾಣದ ಬಾಗಿಲಲ್ಲಿ ಬಸವಣ್ಣನವರಿಗೂ ಪರೀಕ್ಷೆ ತಪ್ಪಲಿಲ್ಲ. ಪ್ರಭುದೇವರು ಬಂದು ನಿಂತಾಗ ಬಸವಣ್ಣನವರು ಲಿಂಗಪೂಜೆಯಲ್ಲಿದ್ದರು. ಕರೆತರಲು ಹಡಪದ ಅಪ್ಪಣ್ಣನವರು ಹೊರಬಂದರೂ ಪ್ರಭುದೇವರು ಒಳಗೆ ಬರಲಿಲ್ಲ. ಕಡೆಗೆ ಬಸವಣ್ಣನವರೇ ಬಂದು ಎದುರುಗೊಂಡರು. ಬಾಗಿಲಲ್ಲಿ ನಿಂತ ಜಂಗಮವನ್ನು ಕಾಣದಂತೆ ಮಾಡುವ ಪೂಜೆ ಪೂಜೆಯೇ ಎಂಬುದು ಅಲ್ಲಿನ ಪ್ರಶ್ನೆ. ಅಷ್ಟು ನಿಷ್ಠುರರಾದ ಅವರನ್ನೇ ಶರಣರು ಶೂನ್ಯಸಿಂಹಾಸನದಲ್ಲಿ ಕುಳ್ಳಿರಿಸಿ ಅನುಭವಮಂಟಪದ ಅಧ್ಯಕ್ಷರನ್ನಾಗಿ ಮಾಡಿಕೊಂಡರು.

ವಜ್ರಕಾಯವನ್ನು ಸಾಧಿಸಿದ್ದ ಗೋರಕ್ಷನೊಡನೆ ನಡೆದ ಪ್ರಸಂಗ ಎಲ್ಲ ಭಕ್ತರಿಗೂ ಪರಿಚಿತವೇ. ಖಡ್ಗದಿಂದ ಹೊಡೆದಾಗ ಗೋರಕ್ಷನ ದೇಹವು ಖಣಿಲೆಂದಿತು; ಪ್ರಭುದೇವರ ಮೇಲೆ ಬೀಸಿದ ಖಡ್ಗವು ಬಯಲಲ್ಲಿ ಹಾಯ್ದಂತೆ ಹಾಯ್ದುಹೋಯಿತು.

ಬಸವಣ್ಣನವರ ಈ ಒಡನಾಡಿ ಕೊನೆಗೆ ಶ್ರೀಶೈಲದ ಕದಳಿಯಲ್ಲಿ ಬಯಲಾದರು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಅವರ ಮತ್ತು ಶರಣರ ವಚನಗಳನ್ನು ಜೋಡಿಸಿ ಶೂನ್ಯಸಂಪಾದನೆಯನ್ನು ಮೊದಲು ಸಂಕಲಿಸಿದರು. ಶೂನ್ಯವನ್ನು ಕುರಿತ ಆ ಗ್ರಂಥದ ತುಂಬ ಶರಣರ ಮಾತುಕತೆಯೇ ಇದೆ.